ಸಂಪಾದಕರ ಉತ್ತರ: ಯಾರು ಬರೆದರೇನು?

ಓದುಗರ ಪತ್ರ: “ಮಗಳ ಒತ್ತಾಯಕ್ಕೆ ಬಿಬಿಸಿಯ ‘ಚಾಂಪಿಯನ್’ ಧಾರಾವಾಹಿಯ ಎಂಟೂ ಕಂತುಗಳನ್ನು ನೋಡಿದೆ. ಜೈಲಿನಿಂದ ಬಂದ ಅಣ್ಣನಿಗೆ ಆಸರೆಯಾಗಬೇಕಾದ ತಂಗಿಯೇ ಅವನಿಗೆ ಎದುರು ನಿಂತು ಹಾಡುವುದು ನನಗೆ ಸರಿಕಾಣಲಿಲ್ಲ. ಮಗಳು ತಂಗಿಯ ಪರ. ಒಂದೇ ಮನೆಯವರಲ್ಲಿ ಸಾಲುಗಳನ್ನು ಯಾರು ಬರೆದರೇನು, ಯಾರು ಹಾಡಿದರೇನು? ಕತೆಗಿಂತ ಹಾಡೇ ಹೆಚ್ಚಾಯಿತೆಂದೂ ಅನಿಸಿತು. ತಮ್ಮ ಅಭಿಪ್ರಾಯವೇನು?” – ನಿವೃತ್ತ ಶಿಕ್ಷಕರು, ಶಿವಮೊಗ್ಗ

ಮಾನ್ಯರೇ,

ತಮ್ಮ ಎರಡು ಆಕ್ಷೇಪಗಳಲ್ಲಿ ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಮೊದಲನೆಯದರ ಬಗ್ಗೆ ಹೇಳುವುದು ಬಹಳವಿದೆ.

ಬ್ರಿಟಿಷ್ ಟೆಲಿವಿಷನ್‌ಗೆ ಹಾಡಿನ ನಾಟಕ ಹೊಸದಲ್ಲ. 1978ರಲ್ಲಿ ಡೆನಿಸ್ ಪಾಟರ್ ಬರೆದ ‘ಪೆನ್ನೀಸ್ ಫ್ರಂ ಹೆವನ್’ನಲ್ಲಿ ಬಾಬ್ ಹಾಸ್ಕಿನ್ಸ್ ವಹಿಸಿದ ಆರ್ಥರ್ ಪಾರ್ಕರ್ ಊರೂರು ಸುತ್ತಿ ಹಾಡುಗಳ ಸ್ವರಲಿಪಿ ಮಾರುವವನು; ಮನಸ್ಸು ಉಕ್ಕಿ ಬಂದಾಗ ಅವನು ತುಟಿಯಾಡಿಸುತ್ತಾನೆ, ಕೇಳಿಸುವುದು ಮಾತ್ರ ಹಳೆಯ ಗ್ರಾಮಫೋನ್ ತಟ್ಟೆಯ ದನಿ, ಒಮ್ಮೊಮ್ಮೆ ಹೆಣ್ಣಿನ ದನಿ. 2004ರ ‘ಬ್ಲ್ಯಾಕ್‌ಪೂಲ್’ನಲ್ಲಿ ಮೂಲ ಹಾಡು ಮೊಳಗುತ್ತಿರುವಂತೆಯೇ ನಟರೂ ಅದರ ಜೊತೆಗೆ ಹಾಡಿಕೊಳ್ಳುತ್ತಾರೆ. ಅಲ್ಲೆಲ್ಲ ಹಾಡು ಎರವಲು. ಅದು ಯಾರದೆಂದು ಪಾತ್ರಗಳು ಜಗಳವಾಡಬೇಕಾಗಿಲ್ಲ. ‘ಚಾಂಪಿಯನ್’ನಲ್ಲಿ ಹಾಡೇ ಆಸ್ತಿ, ಆ ಆಸ್ತಿಯ ವ್ಯಾಜ್ಯವೇ ಕತೆ. ಜಮೀನಿನ ವ್ಯಾಜ್ಯದ ಕಾದಂಬರಿಯಲ್ಲಿ ಜಮೀನಿನ ಮಾತು ಹೆಚ್ಚಾಯಿತೆಂದು ತಾವು ದೂರುವಿರಾ?

ಇನ್ನು ಅಣ್ಣ-ತಂಗಿಯರ ವಿಷಯ. ಧಾರಾವಾಹಿಯನ್ನು ನೋಡದ ಓದುಗರಿಗಾಗಿ ಎರಡು ಮಾತು. 2023ರ ಜುಲೈಯಲ್ಲಿ ಬಿಬಿಸಿ ಒನ್‌ನಲ್ಲಿ ಆರಂಭವಾದ ಈ ಸರಣಿಯನ್ನು ರೂಪಿಸಿದವರು ಕಾದಂಬರಿಗಾರ್ತಿ ಕ್ಯಾಂಡಿಸ್ ಕಾರ್ಟಿ-ವಿಲಿಯಮ್ಸ್. ದಕ್ಷಿಣ ಲಂಡನ್ನಿನ, ಜಮೈಕಾ ಮೂಲದ ಕುಟುಂಬ. ಎಳೆಯ ವಯಸ್ಸಿಗೇ ರ‍್ಯಾಪ್ ಹಾಡಿ ಹೆಸರು ಮಾಡಿ, ಆಮೇಲೆ ಎರಡು ವರ್ಷ ಜೈಲಿನಲ್ಲಿದ್ದು ಮರಳಿದ ಬಾಸ್ಕೊ. ಅವನ ಓಡಾಟ, ಭೇಟಿ, ಫೋನು ಎಲ್ಲವನ್ನೂ ನಿಭಾಯಿಸುವ ಸಹಾಯಕಿ, ಅವನ ಸಾಲುಗಳ ಹಿಂದಿನ ಕೈಯೂ ಆಗಿರುವ ತಂಗಿ ವೀಟಾ. ಅವಳಲ್ಲೂ ಪ್ರತಿಭೆಯಿದೆ ಎಂಬುದು ಮನೆಯವರಿಗಿಂತ ಮೊದಲು ಹೊಳೆಯುವುದು ಬಾಸ್ಕೊವಿನ ಪ್ರತಿಸ್ಪರ್ಧಿ ಬುಲ್ಲಾನಿಗೆ. ಮನೆ ಇಬ್ಭಾಗವಾಗುವುದು ಅಲ್ಲಿಂದ.

ಬಾಸ್ಕೊವಿನ ಪರವಾಗಿ ತಾವು ಬರೆದುದರಲ್ಲಿ ಹುರುಳಿಲ್ಲ ಎನ್ನಲಾರೆ. ಬಾಸ್ಕೊವಿನ ಪಾತ್ರ ವಹಿಸಿದ ಮಾಲ್ಕಮ್ ಕಮುಲೆಟೆಯ ಮುಖದ ಮೇಲಿನ ದಣಿವು ಸುಳ್ಳಲ್ಲ; ಜೈಲು ಕಂಡವನ ಗಂಟಲಿಗೆ ಬರುವ ಭಾರ ಕಾಗದದ ಮೇಲಿನ ಅಕ್ಷರಕ್ಕೆ ಬಾರದು. ಒಪ್ಪಿದೆ. ಆದರೆ ಡೇಜಾ ಜೆ. ಬೋವೆನ್ಸ್‌ಳ ವೀಟಾ ಅಣ್ಣನ ಗಂಟಲು ತನಗೆ ಬೇಕೆನ್ನಲಿಲ್ಲ, ಅವನ ನೋವು ತನ್ನದೆನ್ನಲಿಲ್ಲ; ತನ್ನ ಮಾತು ತನ್ನದೆಂದು ತಿಳಿಯಲಿ ಎಂದಳು, ಅಷ್ಟೆ. ಅದನ್ನು ಮನೆಮುರುಕತನವೆಂದು ನೋಡುವ ತಾವು, ಅಷ್ಟು ವರ್ಷ ಅವಳ ಮಾತಿನಿಂದ ಮೆರೆದು ಒಂದು ಸಲವೂ ಅವಳ ಹೆಸರೆತ್ತದ ಅಣ್ಣನ ನಡೆಗೆ ಯಾವ ಹೆಸರಿಡುವಿರಿ? ಮಗಳೊಡನೆ ತಾವು ಹೂಡಿದ ವಾದಕ್ಕೆ ನನ್ನಿಂದ ಬೆಂಬಲ ಬಯಸಿ ಬರೆದಿದ್ದರೆ ಕ್ಷಮಿಸಬೇಕು, ನನ್ನ ಮತ ಆಕೆಗೆ.

ಒಂದೇ ಮನೆಯವರಲ್ಲಿ ಯಾರು ಬರೆದರೇನು ಎಂಬ ಮಾತಿನಲ್ಲಿ ಒಂದು ಚಮತ್ಕಾರವಿದೆ: ಬರೆದವಳು ತಂಗಿಯಾದಾಗ ಮಾತ್ರ ಅದು ನಾಲಿಗೆಗೆ ಬರುತ್ತದೆ. ಮ್ಯಾಂಚೆಸ್ಟರಿನ ಗ್ಯಾಲಗರ್ ಸಹೋದರರನ್ನೇ ನೋಡಿ. ‘ಒಯಾಸಿಸ್’ ಎಂಬ ರಾಕ್ ತಂಡವನ್ನು ಏರಿಸಿದ ಹಾಡುಗಳನ್ನು ಬಹುಪಾಲು ಬರೆದವನು ಐದು ವರ್ಷ ದೊಡ್ಡವನಾದ ನೋಯೆಲ್. ಅವನ್ನು ಹಾಡಿ ಜನರನ್ನು ಹುಚ್ಚೆಬ್ಬಿಸಿದವನು ತಮ್ಮ ಲಿಯಮ್. 1996ರ ಆಗಸ್ಟಿನಲ್ಲಿ ನೆಬ್‌ವರ್ತ್‌ನ ಬಯಲಿನಲ್ಲಿ ಎರಡು ರಾತ್ರಿಗೆ ಸುಮಾರು ಎರಡೂವರೆ ಲಕ್ಷ ಜನ ನೆರೆದಾಗ ಮೈಕಿನ ಮುಂದೆ ನಿಂತಿದ್ದವನು ತಮ್ಮನೇ, ಆದರೂ ಹಾಡು ಅಣ್ಣನದೆಂಬುದು ಆ ಬಯಲಿನ ಕೊನೆಯ ಸಾಲಿನವನಿಗೂ ಗೊತ್ತಿತ್ತು. 2009ರ ಆಗಸ್ಟ್ 28ರಂದು ಪ್ಯಾರಿಸ್ಸಿನಲ್ಲಿ ವೇದಿಕೆ ಏರುವ ಮೊದಲೇ ಇಬ್ಬರೂ ಕಾದಾಡಿ ತಂಡ ಮುರಿಯಿತು. 2025ರ ಜುಲೈಯಲ್ಲಿ ಕಾರ್ಡಿಫ್‌ನಲ್ಲಿ ಮತ್ತೆ ಕೂಡುವವರೆಗೆ ಹದಿನಾರು ವರ್ಷ ಅಣ್ಣತಮ್ಮಂದಿರು ಒಂದೇ ವೇದಿಕೆ ಹಂಚಿಕೊಳ್ಳಲಿಲ್ಲ. ಆ ಜಗಳದಲ್ಲಿ ನೂರೆಂಟು ವಿಷಯಗಳಿದ್ದವು, ಹಾಡು ಬರೆದವರು ಯಾರೆಂಬ ಸಂದೇಹ ಮಾತ್ರ ಇರಲಿಲ್ಲ. ಅಲ್ಲಿ ಬರೆದವನು ಅಣ್ಣ. ‘ಒಂದೇ ಮನೆಯಲ್ಲವೇ, ಹೆಸರು ಯಾಕೆ’ ಎಂದು ನೋಯೆಲ್‌ಗೆ ಯಾರೂ ಬುದ್ಧಿ ಹೇಳಲು ಹೋಗಲಿಲ್ಲ.

ಅದೇ ಲಂಡನ್ನಿನಲ್ಲಿ ಇನ್ನೊಂದು ಅಕ್ಕ-ತಮ್ಮನ ಚಿತ್ರವಿದೆ. 1764ರಲ್ಲಿ ಮೊಜಾರ್ಟ್ ಕುಟುಂಬ ಇಂದಿನ ಎಬ್ಯುರಿ ಸ್ಟ್ರೀಟ್‌ನಲ್ಲಿ ತಂಗಿದ್ದಾಗ ತಂದೆ ಲಿಯೊಪೋಲ್ಡ್ ಕಾಯಿಲೆ ಬಿದ್ದಿದ್ದರು. ಸದ್ದಾಗಬಾರದೆಂದು ಮಕ್ಕಳು ವಾದ್ಯ ಮುಟ್ಟುವಂತಿರಲಿಲ್ಲ. ಎಂಟು ವರ್ಷದ ವೋಲ್ಫ್‌ಗ್ಯಾಂಗ್ ಆ ನಿಶ್ಶಬ್ದದಲ್ಲಿ ಕುಳಿತು ತನ್ನ ಮೊದಲ ಸಿಂಫನಿಯನ್ನು, ಅಂದರೆ ವಾದ್ಯವೃಂದಕ್ಕೆಂದು ಬರೆಯುವ ಕೃತಿಯನ್ನು, ರಚಿಸಿದ. ಪಕ್ಕದಲ್ಲಿ ಕುಳಿತು ನಕಲು ಮಾಡಿದವಳು ಹದಿಮೂರರ ಅಕ್ಕ ನಾನೆರ್ಲ್. ಕೊಂಬು ವಾದ್ಯಕ್ಕೂ ಒಳ್ಳೆಯ ಕೆಲಸ ಕೊಡುವುದನ್ನು ನೆನಪಿಸು ಎಂದು ತಮ್ಮ ಹೇಳಿದ್ದನ್ನು ಆಕೆಯೇ ಮುಂದೆ ನೆನೆದಿದ್ದಾಳೆ. ರಚನೆ ಅವನದೇ, ಅದರಲ್ಲಿ ತಕರಾರಿಲ್ಲ. ಆದರೆ ಆ ಕೋಣೆಯಲ್ಲಿ ಎರಡನೆಯ ಲೇಖನಿಯೊಂದು ಓಡುತ್ತಿತ್ತೆಂಬುದು ನಮಗೆ ತಿಳಿದಿರುವುದು ಅದನ್ನು ಹಿಡಿದವಳೇ ಹೇಳಿದ್ದರಿಂದ.

ಮನೆಯೊಳಗಿನ ಮಾತಿಗೆ ಪತ್ರವಿರುವುದಿಲ್ಲ, ಸಾಕ್ಷಿಯಿರುವುದಿಲ್ಲ. ಹಕ್ಕು ಎಲ್ಲಿಂದ ಬರಬೇಕು ಎಂದು ತಾವು ಕೇಳಬಹುದು. ಇದಕ್ಕೆ ಬ್ರಿಟಿಷ್ ಟೆಲಿವಿಷನ್ನಿನ ಇತಿಹಾಸದಲ್ಲೇ ಉತ್ತರವಿದೆ, ಅದೂ ಹಾಡಿನ ನಾಟಕವೊಂದರ ಕುರಿತೇ. 1976ರಲ್ಲಿ ಥೇಮ್ಸ್ ಟೆಲಿವಿಷನ್ ‘ರಾಕ್ ಫಾಲೀಸ್’ ಎಂಬ ಸರಣಿಯನ್ನು ತಂದಿತು: ಮೂವರು ಹೆಂಗಸರು ರಾಕ್ ತಂಡ ಕಟ್ಟಿಕೊಂಡು ಏಗುವ ಕತೆ. ಹೊವರ್ಡ್ ಶೂಮನ್ ಬರೆದರು, ರಾಕ್ಸಿ ಮ್ಯೂಸಿಕ್ ತಂಡದ ಆ್ಯಂಡಿ ಮೆಕೆ ಸಂಗೀತ ನೀಡಿದರು. ಹಾಡುಗಳ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಆ ಕತೆಯ ಮೂಲ ಕಲ್ಪನೆಯನ್ನು ಬಾಯಿಮಾತಿನಲ್ಲಿ ಹೇಳಿಕೊಂಡವರು ಆ್ಯನಬೆಲ್ ಲೆವೆಂಟನ್, ಗೇ ಬ್ರೌನ್, ಡಯಾನ್ ಲ್ಯಾಂಗ್ಟನ್ ಎಂಬ ಮೂವರು ನಟಿಯರು ಮತ್ತು ಅವರ ಸಂಗೀತಗಾರ ಡಾನ್ ಫ್ರೇಸರ್. ಪಾತ್ರಗಳನ್ನು ತಮಗೇ ಕೊಡಬೇಕೆಂಬ ನಂಬಿಕೆಯ ಮೇಲೆ ಅವರು ಹೇಳಿದ್ದರು. ತೆರೆಯ ಮೇಲೆ ಬಂದದ್ದು ಬೇರೆ ಮೂವರು. ಕೈಯಲ್ಲಿ ಬರೆದ ಒಂದು ಹಾಳೆಯೂ ಇಲ್ಲದೆ ಅವರು ನ್ಯಾಯಾಲಯದ ಮೆಟ್ಟಿಲೇರಿದರು, ವರ್ಷಗಟ್ಟಲೆ ಕಾದರು, 80ರ ದಶಕದ ಆರಂಭದಲ್ಲಿ ಗೆದ್ದರು. ಸ್ಪಷ್ಟವೂ ಹೊಸದೂ ಮಾರುಕಟ್ಟೆಯಲ್ಲಿ ಬೆಲೆಯುಳ್ಳದ್ದೂ ಆದ ಕಲ್ಪನೆಯನ್ನು ನಂಬಿಕೆಯಿಂದ ಬಾಯಲ್ಲಿ ಹೇಳಿದ್ದರೂ ಕಾನೂನು ಅದನ್ನು ಕಾಯುತ್ತದೆ ಎಂಬ ಆ ತೀರ್ಪನ್ನು ಇಂಗ್ಲಿಷ್ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ‘ಚಾಂಪಿಯನ್’ ಬಂದ 2023ರ ಬೇಸಿಗೆಯಲ್ಲೇ ಚಿಚೆಸ್ಟರ್ ಫೆಸ್ಟಿವಲ್ ಥಿಯೇಟರ್ ‘ರಾಕ್ ಫಾಲೀಸ್’ ಅನ್ನು ರಂಗದ ಮೇಲೆ ತಂದದ್ದು ಕಾಕತಾಳೀಯವೇ ಇರಬಹುದು. ನನಗಂತೂ ಎರಡೂ ಒಂದೇ ದೂರಿನ ಎರಡು ಪ್ರತಿಗಳಂತೆ ಕಂಡವು.

ಬ್ರಿಟನ್ನಿನ ಕಾನೂನು ಈ ವಿಷಯದಲ್ಲಿ ಧಾರಾಳಿಯೆಂದು ಇದರಿಂದ ಭಾವಿಸಬೇಡಿ. ಅಲ್ಲಿನ 1988ರ ಹಕ್ಕುಸ್ವಾಮ್ಯ ಕಾಯ್ದೆಯ 77ನೆಯ ಸೆಕ್ಷನ್ನನ್ನು ಬಿಡುವಿದ್ದಾಗ ಓದಿ ನೋಡಿ. ಕವಿತೆ ಬರೆದವನಿಗೆ, ಅದನ್ನು ಸಭೆಯಲ್ಲಿ ಓದಿದರೂ ರೇಡಿಯೊದಲ್ಲಿ ಬಿತ್ತರಿಸಿದರೂ, ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ. ಅದೇ ವ್ಯಕ್ತಿ ಸಂಗೀತದೊಡನೆ ಹಾಡಲೆಂದು ಸಾಲು ಬರೆದರೆ ಅಚ್ಚಾದಾಗ, ಧ್ವನಿಮುದ್ರಿಕೆ ಬಿಡುಗಡೆಯಾದಾಗ, ಚಿತ್ರದಲ್ಲಿ ಬಳಸಿದಾಗ ಆ ಹಕ್ಕುಂಟು. ವೇದಿಕೆಯ ಮೇಲೆ ಹಾಡಿದಾಗ, ರೇಡಿಯೊದಲ್ಲಿ ಬಂದಾಗ ಇಲ್ಲ. ಅದೂ ತಾನಾಗಿ ಬರುವ ಹಕ್ಕಲ್ಲ, ಇದು ನನ್ನದೆಂದು ವಿಧಿವತ್ತಾಗಿ ಸಾರಿಕೊಂಡವರಿಗಷ್ಟೇ. ವೀಟಾಳಂಥವರು ಸುಮ್ಮನಿದ್ದರೆ ಕಾನೂನೂ ಸುಮ್ಮನಿರುತ್ತದೆ. ಹಾಡುವವರಿಗಲ್ಲದೆ ಹಾಡು ಕಟ್ಟುವವರಿಗೆಂದೇ 1956ರಿಂದ ಐವರ್ ನವೆಲೊ ಪ್ರಶಸ್ತಿಯನ್ನು ಅಲ್ಲಿ ಕೊಡುತ್ತ ಬಂದಿದ್ದಾರೆ ಎಂಬುದೊಂದು ಸಮಾಧಾನ.

ನಮ್ಮಲ್ಲಿ ಹಾಡು ಬರೆದವರ ಗತಿಯೇನೆಂದು ಮತ್ತೆ ಎತ್ತಿದರೆ ಈ ಅಂಕಣದ ಹಳೆಯ ಓದುಗರು ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂದು ಗೊಣಗಬಹುದು, ಗೊಣಗಲಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಂದ 2012ರ ತಿದ್ದುಪಡಿಯು ಚಿತ್ರಗೀತೆ ಬರೆದವರಿಗೂ ಸಂಗೀತ ನೀಡಿದವರಿಗೂ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಕೊಟ್ಟಿತು; ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲೂ ಬಾರದಂತೆ ಮಾಡಿತು. ದುಡ್ಡಿನ ಮಟ್ಟಿಗೆ ಅದು ದೊಡ್ಡ ಕೆಲಸವೇ. ಹೆಸರಿನ ಗತಿ ಮಾತ್ರ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದೆ. ಆಕಾಶವಾಣಿಯ ಉದ್ಘೋಷಕರು ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಹೇಳಿಯೇ ಹಾಡು ಹಾಕುತ್ತಿದ್ದರು, ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್ ಎಂಬ ಹೆಸರುಗಳು ಅವರ ಮುಖವನ್ನೇ ಕಾಣದವರ ನಾಲಿಗೆಯ ಮೇಲೂ ಆಡುತ್ತಿದ್ದುದು ಆ ಪದ್ಧತಿಯಿಂದ. ಇಂದು ಮೊಬೈಲಿನಲ್ಲಿ ಹಾಡು ತೆರೆದರೆ ಗಾಯಕರ ಹೆಸರು ಎದುರಿಗೇ ಇರುತ್ತದೆ, ಬರೆದವರನ್ನು ಎರಡು ಮೂರು ಕಡೆ ಒತ್ತಿ ಹುಡುಕಬೇಕು. ಟೆಲಿವಿಷನ್ನಿನ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ‘ಎಂಥ ಸಾಲು’ ಎಂದು ಕಣ್ಣೊರೆಸಿಕೊಳ್ಳುತ್ತಾರೆ, ಸ್ಪರ್ಧಿಯನ್ನು ತಬ್ಬಿಕೊಳ್ಳುತ್ತಾರೆ, ಆ ಸಾಲು ಯಾರದೆಂದು ಹೇಳುವಷ್ಟರಲ್ಲಿ ಜಾಹೀರಾತು ಬಂದಿರುತ್ತದೆ. ಎಫ್‌ಎಂ ನಿರೂಪಕರಂತೂ ಹಾಡನ್ನು ನಾಯಕನಟನ ಹೆಸರಿನಲ್ಲೇ ಕರೆಯುತ್ತಾರೆ; ಪಾಪ, ಆ ನಟನು ಅದನ್ನು ಬರೆದವನೂ ಅಲ್ಲ, ಹಾಡಿದವನೂ ಅಲ್ಲ.