ಓದುಗರ ಪ್ರಶ್ನೆ: ಕ್ರೈಸ್ತರು ಹೇಳುವ ರಕ್ಷಣೆ ಯಾರಿಗೆ, ಹೇಗೆ?

ಈ ಸಲದ ಪತ್ರಗಳೆಲ್ಲ ಗಡಿನಾಡಿನವು, ಹೆಚ್ಚಿನವು ಕಾಸರಗೋಡಿನವು. ಅಲ್ಲಿ ಬೇಳ, ಕಯ್ಯಾರು, ಮಂಜೇಶ್ವರದ ಕೊಂಕಣಿ ಕೆಥೊಲಿಕರು ಸರ್ಕಾರದ ಲೆಕ್ಕದಲ್ಲಿ ಕೇರಳದವರು, ಇಗರ್ಜಿಯ (ಚರ್ಚಿನ) ಲೆಕ್ಕದಲ್ಲಿ ಮಂಗಳೂರು ಧರ್ಮಪ್ರಾಂತ್ಯದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರಾಟೆಸ್ಟೆಂಟರಿದ್ದಾರೆ. ಮೂಡಣ ಗುಡ್ಡಗಳಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರೋ ಮಲಬಾರ್ ಪಂಗಡದ ಕೆಥೊಲಿಕ್ ಕುಟುಂಬಗಳಿವೆ. ಪೆಂತೆಕೊಸ್ತ ಸಭೆಗಳೂ ಉಂಟು. ಹಾಗಾಗಿ ಒಂದೇ ಪ್ರಶ್ನೆಗೆ ಪಕ್ಕಪಕ್ಕದ ಮನೆಗಳಲ್ಲಿ ಬೇರೆ ಬೇರೆ ಉತ್ತರ ಸಿಗುತ್ತದೆ. ಎಲ್ಲಿ ಎಲ್ಲರೂ ಒಪ್ಪುತ್ತಾರೆ, ಎಲ್ಲಿ ದಾರಿ ಕವಲೊಡೆಯುತ್ತದೆ ಎಂಬುದನ್ನು ಆಯಾ ಜಾಗದಲ್ಲಿ ಹೇಳಿದ್ದೇವೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ಕ್ರೈಸ್ತನಲ್ಲ. ನಮ್ಮ ಮೋಕ್ಷ, ಅವರ ರಕ್ಷಣೆ ಎರಡೂ ಒಂದೇ ಎಂದು ಬರೆದರೆ ಸರಿಯೇ? — ಓದುಗ, ಬದಿಯಡ್ಕ

ಸರಿಯಲ್ಲ, ಅಂಕ ಹೋದೀತು. ನಮ್ಮಲ್ಲಿ ದರ್ಶನ ಯಾವುದೇ ಇರಲಿ, ಬಿಡುಗಡೆ ಬೇಕಾಗಿರುವುದು ಸಾಮಾನ್ಯವಾಗಿ ಹುಟ್ಟುಸಾವಿನ ಸುತ್ತಿನಿಂದ. ಕ್ರೈಸ್ತರಲ್ಲಿ ಮರುಹುಟ್ಟಿಲ್ಲ, ಒಂದು ಸಲ ಸಾವು, ಆಮೇಲೆ ನ್ಯಾಯತೀರ್ಪು (ಇಬ್ರಿಯ 9:27). ಬಿಡುಗಡೆ ಬೇಕಾಗಿರುವುದು ಪಾಪದಿಂದ. ಪಾಪವೆಂದರೆ ಕೆಟ್ಟ ಕೆಲಸಗಳ ಪಟ್ಟಿ ಮಾತ್ರವಲ್ಲ, ದೇವರಿಗೆ ಬೆನ್ನು ತಿರುಗಿಸಿದ ಸ್ಥಿತಿ. ಅದರ ಫಲ ಮರಣ (ರೋಮ 6:23). ಆ ಸ್ಥಿತಿಯನ್ನು ಮನುಷ್ಯ ತಾನಾಗಿ ಸರಿಪಡಿಸಿಕೊಳ್ಳಲಾರ, ಯೇಸುವಿನ ಶಿಲುಬೆಯ ಮರಣ ಮತ್ತು ಪುನರುತ್ಥಾನದಿಂದ ದೇವರೇ ಸರಿಪಡಿಸಿದರು ಎಂಬುದು ತಿರುಳು. ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ ನಡೆದ ಘಟನೆಯ ಮೇಲೆ ಇಡೀ ತತ್ವ ನಿಂತಿದೆ ಎನ್ನುವುದನ್ನು ಬರೆಯಲು ಮರೆಯಬೇಡಿ.

ಇನ್ನೆರಡು ವ್ಯತ್ಯಾಸಗಳು. ಸೃಷ್ಟಿಕರ್ತ ಮತ್ತು ಸೃಷ್ಟಿ ಎಂದೂ ಒಂದಾಗುವುದಿಲ್ಲ. ಮಧ್ವಮತ ಬಲ್ಲವರಿಗೆ ಇದು ಹೊಸ ಮಾತಲ್ಲ. ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲ ಎನ್ನುವುದು ಅಲ್ಲೂ ಉಂಟು. ಆದರೆ ಕ್ರೈಸ್ತರ ಕೊನೆಯ ನಿರೀಕ್ಷೆ ದೇಹ ಬಿಟ್ಟ ಆತ್ಮದ ನೆಮ್ಮದಿಯಲ್ಲ, ದೇಹವೂ ಎದ್ದು ಬರುವುದು. ಜೊತೆಗೆ, ಬೈಬಲಿನಲ್ಲಿ ರಕ್ಷಣೆಗೆ ಮೂರು ಕಾಲವೂ ಇದೆ: ಆಗಿಹೋಗಿದೆ (ಎಫೆಸ 2:8), ಆಗುತ್ತಿದೆ (1 ಕೊರಿಂಥ 1:18), ಆಗಲಿದೆ (ರೋಮ 5:9). ಒಂದು ಪಂಗಡ ಒಂದು ಕಾಲವನ್ನು ಮಾತ್ರ ಹಿಡಿದು ಎಳೆದಾಗಲೇ ಜಗಳ ಹುಟ್ಟುವುದು.

ಪ್ರಶ್ನೆ: ನಾವು ಕೆಥೊಲಿಕರು. ನನ್ನ ಸೊಸೆ ಪ್ರಾಟೆಸ್ಟೆಂಟ್ ಮನೆಯವಳು. ‘ನಂಬಿಕೆ ಒಂದೇ ಸಾಕು, ನೀವು ಪುಣ್ಯಕಾರ್ಯ ಮಾಡಿ ಸ್ವರ್ಗ ಗಳಿಸಲು ಹೊರಟವರು’ ಅನ್ನುತ್ತಾಳೆ. ಯಾಕೋಬನ ಪತ್ರಿಕೆ ತೋರಿಸಿದರೆ ಪೌಲನ ಪತ್ರಿಕೆ ತೋರಿಸುತ್ತಾಳೆ. ಯಾರದು ಸರಿ? — ಓದುಗಿ, ಮಂಜೇಶ್ವರ

ಇಬ್ಬರೂ ವಚನವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೀರಿ ಅಮ್ಮ. ಸೊಸೆ ಓದುವುದು ಎಫೆಸ 2:8-9 ಆಗಿರಬೇಕು: ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ. ಮುಂದಿನದನ್ನೂ, ಅಂದರೆ 10ನೆಯ ವಚನವನ್ನೂ ಓದಲು ಹೇಳಿ. ಸತ್ಕ್ರಿಯೆ ಮಾಡುವುದಕ್ಕಾಗಿಯೇ ನಮ್ಮನ್ನು ಹೊಸದಾಗಿ ಸೃಷ್ಟಿಸಲಾಗಿದೆ ಎಂದು ಅಲ್ಲಿದೆ. ನೀವು ತೋರಿಸುವುದು ಯಾಕೋಬ 2:24: ಮನುಷ್ಯ ನೀತಿವಂತನೆನಿಸುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ. ಆದರೆ ಯಾಕೋಬ ಯಾವ ನಂಬಿಕೆಯ ಮಾತಾಡುತ್ತಿದ್ದಾನೆ ಎನ್ನುವುದು 19ನೆಯ ವಚನದಲ್ಲಿದೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವಂತೆ. ಅಂಥ ಬಾಯಿಮಾತಿನ ನಂಬಿಕೆ ಸಾಲದು ಎಂದು ಪೌಲನೂ ಒಪ್ಪುತ್ತಾನೆ. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ ಎನ್ನುವುದು ಅವನದೇ ಮಾತು (ಗಲಾತ್ಯ 5:6).

ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿ ಕರೆಯುತ್ತಾರೆ, ಗಂಟು ಬಿಚ್ಚುವುದೂ ಅಲ್ಲೇ. ಆದಿಕಾಂಡ ತೆರೆದು ಅಧ್ಯಾಯಗಳ ಕ್ರಮ ನೋಡಿ. ಅಬ್ರಹಾಮ ನಂಬಿದ, ಅದನ್ನು ದೇವರು ನೀತಿಯೆಂದು ಎಣಿಸಿದರು ಎನ್ನುವುದು 15ನೆಯ ಅಧ್ಯಾಯ. ಸುನ್ನತಿ 17ನೆಯದರಲ್ಲಿ, ಆಗ ಅವನಿಗೆ 99 ವರ್ಷ. ಮಗನನ್ನು ಬಲಿಪೀಠಕ್ಕೆ ಏರಿಸಿದ್ದು 22ನೆಯದರಲ್ಲಿ. ಸುನ್ನತಿ ಆಗುವ ಮೊದಲೇ ನೀತಿವಂತನೆಂದು ಎಣಿಸಲ್ಪಟ್ಟ ಎಂದು ಪೌಲ 15ನ್ನು ಹಿಡಿದು ವಾದಿಸುತ್ತಾನೆ (ರೋಮ 4). ಆ ನಂಬಿಕೆ ಪೂರ್ತಿಗೊಂಡಿತು ಎಂದು ಯಾಕೋಬ 22ನ್ನು ಹಿಡಿದು ಹೇಳುತ್ತಾನೆ. ಒಬ್ಬ ಶುರುವನ್ನು ನೋಡುತ್ತಿದ್ದಾನೆ, ಇನ್ನೊಬ್ಬ ಮುಂದಿನದನ್ನು. ಗೊನೆ ಬಿಟ್ಟದ್ದರಿಂದ ಕಂಗು (ಅಡಿಕೆ ಮರ) ಕಂಗಾಗುವುದಿಲ್ಲ, ಕಂಗಾದ್ದರಿಂದ ಗೊನೆ ಬಿಡುತ್ತದೆ. ಆದರೂ ಹದಿನೈದು ವರ್ಷ ಗೊನೆ ಕಾಣದ ಮರದ ಬುಡಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲವಲ್ಲ.

ಇನ್ನು ‘ಗಳಿಸಲು ಹೊರಟವರು’ ಎಂಬ ಆರೋಪ. 1547ರ ಜನವರಿಯಲ್ಲಿ ಕೆಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಈ ವಿಷಯದ ಮೇಲೆ 33 ನಿಯಮಗಳನ್ನು ಹೊರಡಿಸಿತು. ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನಿಗೆ ಬಹಿಷ್ಕಾರ — ಇದು ಅದರ ಮೊದಲನೆಯ ನಿಯಮ! ಹಾಗಾಗಿ ಸೊಸೆಯ ಮಾತು ನಿಮ್ಮ ಸಭೆಯ ಬೋಧನೆಗೆ ತಾಗುವುದಿಲ್ಲ. ಜನರ ರೂಢಿಗೆ ತಾಗೀತು. ಒಂಬತ್ತು ದಿನದ ನೊವೇನಾ ಮುಗಿಸಿದೆ, ಇಷ್ಟು ಬಲಿಪೂಜೆಗೆ ಕಾಣಿಕೆ ಕೊಟ್ಟೆ, ಇನ್ನು ದೇವರು ನನಗೆ ಬಾಕಿ ಎಂದು ಲೆಕ್ಕ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಕಾಣಿಕೆ ಪೂಜೆಯ ಬೆಲೆಯಲ್ಲ.

1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕೆಥೊಲಿಕರೂ ಪ್ರಾಟೆಸ್ಟೆಂಟರಲ್ಲಿ ಲೂಥರನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ. ಹಾಗೆ ಸ್ವೀಕರಿಸಿದವರನ್ನು ಪವಿತ್ರಾತ್ಮ ಸತ್ಕಾರ್ಯಕ್ಕೆ ಸಜ್ಜುಗೊಳಿಸಿ ಕರೆಯುತ್ತಾನೆ ಎನ್ನುವುದು ಅದರ ಸಾರ. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಸೇರಿಕೊಂಡವು. ಭಿನ್ನಮತ ಪೂರ್ತಿ ಕರಗಿಲ್ಲ. ಕ್ರಿಸ್ತನ ನೀತಿಯನ್ನು ದೇವರು ನಮ್ಮ ಲೆಕ್ಕಕ್ಕೆ ಎಣಿಸುತ್ತಾರೆಯೇ, ಅಥವಾ ನಮ್ಮೊಳಗೇ ಸುರಿದು ಬೆಳೆಸುತ್ತಾರೆಯೇ? ಸತ್ತ ಮೇಲೆ ಶುದ್ಧೀಕರಣ ಉಂಟೇ? ಅತ್ತೆ ಸೊಸೆ ವಾದಿಸುವುದಾದರೆ ಇವು ಸರಿಯಾದ ವಿಷಯಗಳು.

ಪ್ರಶ್ನೆ: ಗೆಳೆಯನೊಬ್ಬ ಕನ್ವೆನ್ಷನ್ನಿಗೆ ಹೋಗಿ, ವೇದಿಕೆಯಲ್ಲಿ ಹೇಳಿಕೊಟ್ಟ ಪ್ರಾರ್ಥನೆ ಹೇಳಿ ‘ಇವತ್ತು ರಕ್ಷಣೆ ಹೊಂದಿದೆ’ ಎಂದು ತಾರೀಕು ಬರೆದಿಟ್ಟುಕೊಂಡಿದ್ದಾನೆ. ಅಷ್ಟೇ ಸಾಕೇ? — ಓದುಗ, ತಾಳವಾಡಿ

ರೋಮ 10:9 ಅವನ ಪರ ಇದೆ: ಯೇಸುವೇ ಕರ್ತನೆಂದು ಬಾಯಿಂದ ಅರಿಕೆ ಮಾಡಿ, ದೇವರು ಆತನನ್ನು ಎಬ್ಬಿಸಿದರೆಂದು ಹೃದಯದಿಂದ ನಂಬಿದರೆ ರಕ್ಷಣೆ. ಆದರೆ ಹೇಳಿಕೊಟ್ಟದ್ದನ್ನು ಒಪ್ಪಿಸುವ ಸಿದ್ಧ ಪ್ರಾರ್ಥನೆ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಅದು ಈಚಿನ ಸುವಾರ್ತಾ ಸಭೆಗಳ ರೂಢಿ. ಪೆಂತೆಕೊಸ್ತ ಹಬ್ಬದ ದಿನ ಜನ ‘ನಾವೇನು ಮಾಡಬೇಕು’ ಎಂದು ಕೇಳಿದಾಗ ಪೇತ್ರ ಪಶ್ಚಾತ್ತಾಪಪಡಿರಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿರಿ ಎಂದ (ಅಪೊಸ್ತಲರ ಕೃತ್ಯ 2:38). ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೆ ಪೌಲ ಹೇಳಿದ್ದು ನಂಬು ಎಂದು. ಆದರೆ ಅದೇ ರಾತ್ರಿ ಬೋಧನೆಯೂ ಆಯಿತು, ಆ ಅಧಿಕಾರಿ ಕೈದಿಗಳ ಗಾಯ ತೊಳೆದ, ಮನೆಮಂದಿಗೆಲ್ಲ ದೀಕ್ಷಾಸ್ನಾನವೂ ಆಯಿತು (16ನೆಯ ಅಧ್ಯಾಯ). ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಮಾತ್ರ ಇದಾವುದಕ್ಕೂ ಹೊತ್ತಿರಲಿಲ್ಲ, ಆದರೂ ಸ್ವರ್ಗದ ಮಾತು ಸಿಕ್ಕಿತು.

ಗೆಳೆಯನ ತಾರೀಕು ತಪ್ಪಲ್ಲ. ಎಡವುವುದು ಎಲ್ಲಿ ಎಂದರೆ, ನಂಬಿಕೆಯನ್ನು ಕ್ರಿಸ್ತನ ಮೇಲಿಂದ ತೆಗೆದು ತಾನು ಹೇಳಿದ ಪ್ರಾರ್ಥನೆಯ ಮೇಲೆ ಇಟ್ಟಾಗ. ಆಮೇಲೆ ‘ಮನಸ್ಸಿಟ್ಟು ಹೇಳಿದೆನೋ ಇಲ್ಲವೋ’ ಎಂದು ಸಂಶಯ ಬಂದು, ಪ್ರತಿ ಕನ್ವೆನ್ಷನ್ನಿನಲ್ಲೂ ಮತ್ತೆ ಎದ್ದು ನಿಲ್ಲುವವರಿದ್ದಾರೆ. ಚಿಕ್ಕಂದಿನಿಂದ ನಂಬಿಕೊಂಡೇ ಬಂದವರಿಗೆ ತಾರೀಕೇ ಇರುವುದಿಲ್ಲ, ಅವರಿಗೆ ಏನೂ ಕಡಿಮೆಯಿಲ್ಲ.

ಪ್ರಶ್ನೆ: ನನಗೆ ಕ್ರೈಸ್ತನಾಗಬೇಕೆಂದು ಇದೆ. ಯಾರನ್ನು ಕಾಣಬೇಕು, ಎಷ್ಟು ಸಮಯ ಬೇಕು, ಕಾಗದಪತ್ರ ಏನು? — ಓದುಗ, ಉಪ್ಪಳ

ಮೊದಲು ನಿಮ್ಮ ಕಾರಣವನ್ನು ನೀವೇ ತೂಗಿ. ಮದುವೆಗಾಗಿ ಎಂದಾದರೆ ಅಗತ್ಯವೇ ಇಲ್ಲ. ಕೆಥೊಲಿಕರಲ್ಲಿ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಪಡೆದು ಕ್ರೈಸ್ತರಲ್ಲದವರನ್ನು ಮದುವೆಯಾಗಬಹುದು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟು ಮಾಡುತ್ತೇನೆಂಬ ಮಾತು ಕೊಡಬೇಕಾದದ್ದು ಕೆಥೊಲಿಕ್ ಪಕ್ಷ. ನಿಮಗೆ ಅದನ್ನು ತಿಳಿಸಿರಬೇಕು, ಅಷ್ಟೆ. 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯೂ ಇದೆ, 30 ದಿನದ ನೋಟಿಸು. ಯಾರಾದರೂ ಒತ್ತಾಯಿಸುತ್ತಿದ್ದರೆ, ದುಡ್ಡು ಕೆಲಸದ ಆಸೆ ತೋರಿಸುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಒತ್ತಾಯಿಸಬಾರದೆಂದು ಕೆಥೊಲಿಕ್ ಸಭೆಯ ಕಾನೂನಿನಲ್ಲೇ ಇದೆ.

ನಿಜವಾಗಿ ನಂಬಿಕೆ ಹುಟ್ಟಿದ್ದರೆ ಹತ್ತಿರದ ಇಗರ್ಜಿಯ ಗುರುಗಳನ್ನು ಕಾಣಿ. ನಾಳೆಯೇ ದೀಕ್ಷಾಸ್ನಾನ ಕೊಡುವುದಿಲ್ಲ. ಮೊದಲು ವಿಚಾರಣೆ, ಆಮೇಲೆ ದೀಕ್ಷಾರ್ಥಿಯಾಗಿ ಸ್ವೀಕಾರ, ನಂತರ ಬೋಧನೆಯ ಅವಧಿ. ಬೋಧನೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಮೊದಲನೆಯ ಭಾನುವಾರ ಹೆಸರು ನೋಂದಣಿ. ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ ಆತ್ಮಪರಿಶೋಧನೆಯ ವಿಧಿಗಳು. ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಇಚ್ಛೆ, ತಿಳಿವಳಿಕೆ, ಪಾಪಕ್ಕೆ ಪಶ್ಚಾತ್ತಾಪ ಈ ಮೂರರಲ್ಲಿ ಒಂದು ಕಾಣದಿದ್ದರೂ ಗುರುಗಳು ಮುಂದೂಡಬಹುದು, ಅದನ್ನು ಅವಮಾನವೆಂದು ತಿಳಿಯಬೇಡಿ. ಪ್ರಾಟೆಸ್ಟೆಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೂ ಬೋಧನೆ ಇದೆ, ವಿಧಿ ಇಷ್ಟು ಉದ್ದವಿಲ್ಲ. ಪೆಂತೆಕೊಸ್ತರು ಪೂರ್ತಿ ಮುಳುಗಿಸಿ ಕೊಡುತ್ತಾರೆ, ಶಿಶುವಾಗಿದ್ದಾಗ ಆದದ್ದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಥೊಲಿಕರೂ ಸಿ.ಎಸ್.ಐ.ನವರೂ ಕ್ರಮಬದ್ಧವಾಗಿ ಆದ ದೀಕ್ಷಾಸ್ನಾನವನ್ನು ಮತ್ತೊಮ್ಮೆ ಮಾಡುವುದಿಲ್ಲ.

ಕಾಗದದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ನಾವು ಹೇಳುತ್ತೇವೆ. ಇಗರ್ಜಿಯ ಸರ್ಟಿಫಿಕೇಟು ಇಗರ್ಜಿಗೆ ಸಾಕು, ಸರ್ಕಾರಿ ದಾಖಲೆಯಲ್ಲಿ ಧರ್ಮ ತಾನಾಗಿ ಬದಲಾಗುವುದಿಲ್ಲ. ನೀವು ಪರಿಶಿಷ್ಟ ಜಾತಿಯವರಾದರೆ ಇದನ್ನು ಎರಡು ಸಲ ಓದಿ: 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದ ಮೇಲೆ ಹಳೆಯ ಜಾತಿ ಸರ್ಟಿಫಿಕೇಟಿನಲ್ಲಿ ಕೆಲಸ, ಸ್ಕಾಲರ್‌ಶಿಪ್ ಪಡೆದರೆ ಕೇಸಾಗುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥದ್ದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು. ಕೇರಳದಲ್ಲಿ ಹಾಗೆ ಮತಾಂತರವಾದವರಿಗೆ ಹಿಂದುಳಿದ ವರ್ಗದಲ್ಲಿ ಬೇರೆ ಸ್ಥಾನವಿದೆ. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತು ಇಲ್ಲ. ಎರಡು ಹೆಸರು, ಎರಡು ಧರ್ಮ ಇಟ್ಟುಕೊಂಡು ಬಾಳುವುದನ್ನು ಯಾವ ಗುರುಗಳಾದರೂ ಸಲಹೆ ಮಾಡಿದರೆ ಅದು ಕೆಟ್ಟ ಸಲಹೆ.

ಪ್ರಶ್ನೆ: ನಾನು ನರ್ಸ್, ಹಿಂದೂ. ಐಸಿಯುನಲ್ಲಿದ್ದ ಶಿಶುವಿಗೆ ‘ನೀವೇ ದೀಕ್ಷಾಸ್ನಾನ ಕೊಟ್ಟುಬಿಡಿ ಸಿಸ್ಟರ್’ ಎಂದು ಕೆಥೊಲಿಕ್ ತಾಯಿ ಕೇಳಿದರು. ನಾನು ಕೊಡಬಹುದೇ? — ಓದುಗಿ, ಕಾಸರಗೋಡು

ಕೊಡಬಹುದು. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಕೊಡಬಹುದು, ಕ್ರೈಸ್ತರೇ ಆಗಬೇಕೆಂದಿಲ್ಲ. ಸಭೆ ಏನನ್ನು ಉದ್ದೇಶಿಸಿ ಮಾಡುತ್ತದೋ ಅದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿದ್ದರೆ ಸಾಕು. ಬರೀ ನೀರು ಬೇಕು. ಸಲೈನ್, ಗ್ಲೂಕೋಸ್ ಬೇಡ. ಸ್ಟೆರೈಲ್ ನೀರಾದರೂ ಸರಿ, ಸಿರಿಂಜಿನಿಂದ ಬಿಟ್ಟರೂ ಸರಿ. ತಲೆಯ ಚರ್ಮದ ಮೇಲೆ ನೀರು ಹರಿಯಬೇಕು. ಟೋಪಿಯ ಮೇಲೆ, ಬಟ್ಟೆಯ ಮೇಲೆ ಬಿದ್ದರೆ ಆಗಲಿಲ್ಲ. ಮೂರು ಸಲ ಸುರಿಯುತ್ತಾ, ಹೆಸರು ಹಿಡಿದು, ‘ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನಬೇಕು. ‘ಕೊಡುತ್ತೇವೆ’ ಎನ್ನಬಾರದು, ಹಾಗೆ ಹೇಳಿ ಕೊಟ್ಟದ್ದು ಸಿಂಧುವಲ್ಲ ಎಂದು 2020ರಲ್ಲಿ ವ್ಯಾಟಿಕನ್ ಹೇಳಿದೆ. ನೀರು ಸುರಿಯುವವರೇ ಮಾತನ್ನೂ ಹೇಳಬೇಕು, ಒಬ್ಬರು ಸುರಿದು ಇನ್ನೊಬ್ಬರು ಹೇಳುವುದಲ್ಲ. ಡಾಕ್ಟರರಿಗೆ ತಿಳಿಸಿಯೇ ಮಾಡಿ, ತಾರೀಕು ಸಮಯ ಬರೆದು ತಾಯಿಯ ಕೈಗೆ ಕೊಡಿ, ಇಗರ್ಜಿಯ ಪುಸ್ತಕದಲ್ಲಿ ದಾಖಲಾಗಬೇಕು. ಮಗು ಬದುಕಿದರೆ ಉಳಿದ ವಿಧಿಗಳನ್ನು ಇಗರ್ಜಿಯಲ್ಲಿ ಪೂರೈಸುತ್ತಾರೆ, ನೀರು ಮಾತ್ರ ಮತ್ತೆ ಹಾಕುವುದಿಲ್ಲ.

ತೀರಿಹೋದ ಮೇಲೆ ಕೊಡುವಂತಿಲ್ಲ. ಆಗ ತಾಯಿಗೆ ಹೇಳಬಹುದಾದ ಮಾತು ಇದು: ದೀಕ್ಷಾಸ್ನಾನವಿಲ್ಲದೆ ತೀರಿದ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಅವರ ರಕ್ಷಣೆಗೆ ನಿರೀಕ್ಷೆಯುಂಟು ಎಂದೇ ಕೆಥೊಲಿಕ್ ಸಭೆ ಕಲಿಸುತ್ತದೆ.

ಪ್ರಶ್ನೆ: ಒಮ್ಮೆ ಸಿಕ್ಕಿದ ರಕ್ಷಣೆ ಕಳೆದುಹೋಗುತ್ತದೆಯೇ? — ಓದುಗ, ಜತ್ತ

16ನೆಯ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕ ಕಾಲ್ವಿನನ ಪರಂಪರೆಯವರು ಇಲ್ಲ ಎನ್ನುತ್ತಾರೆ, ಯೋಹಾನ 10:28 ಅವರ ಆಧಾರ. ಮೆಥಡಿಸ್ಟರು, ಬಹುಪಾಲು ಪೆಂತೆಕೊಸ್ತರು ಹೌದು ಎನ್ನುತ್ತಾರೆ, ಇಬ್ರಿಯ 6:4-6 ತೋರಿಸುತ್ತಾರೆ. ಕೆಥೊಲಿಕರ ಪ್ರಕಾರ ಮಾರಕ ಪಾಪದಿಂದ ಕೃಪೆ ಹೋಗುತ್ತದೆ. ಆದರೆ ವಿಷಯ ಗಂಭೀರವಾಗಿರಬೇಕು, ಅದು ಗೊತ್ತಿರಬೇಕು, ಗೊತ್ತಿದ್ದೂ ಮನಸ್ಸಾರೆ ಮಾಡಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಮಾರಕವಲ್ಲ. ಹೋದದ್ದು ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತದಿಂದ ಮರಳುತ್ತದೆ.

ಪ್ರಶ್ನೆ: ಅಜ್ಜಿ ಯಾರಿಗೂ ಕೇಡು ಬಗೆದವರಲ್ಲ, ಭಜನೆ ಮಾಡಿಕೊಂಡೇ ತೀರಿಹೋದರು. ಪರಿಚಯದವರೊಬ್ಬರು ‘ಅವರು ನರಕಕ್ಕೇ’ ಎಂದರು. ಕ್ರೈಸ್ತ ಧರ್ಮ ಹಾಗೆ ಹೇಳುತ್ತದೆಯೇ? — ಓದುಗ, ಕುಂಬಳೆ

ಆ ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಯೇಸುವಿನ ಹೊರತು ಬೇರೆ ಯಾರಲ್ಲೂ ರಕ್ಷಣೆಯಿಲ್ಲ (ಅಪೊಸ್ತಲರ ಕೃತ್ಯ 4:12) ಎಂಬುದನ್ನು ಕ್ರೈಸ್ತ ಸಭೆಗಳೆಲ್ಲ ಸಾರಿಕೊಂಡು ಬಂದಿವೆ, ಅದನ್ನು ನಯ ಮಾಡಿ ಹೇಳಲಾಗದು. ಆ ಯೇಸುವಿನ ಕೃಪೆ ಎಷ್ಟು ದೂರ ಮುಟ್ಟುತ್ತದೆ ಎಂಬಲ್ಲಿ ಮಾತು ಬೇರೆಯಾಗುತ್ತದೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೆ ಹೋದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ಬಾಳಲು ಯತ್ನಿಸಿದರೆ ನಿತ್ಯರಕ್ಷಣೆ ಪಡೆಯಬಹುದು ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಹಾಗೆ ಪಡೆಯುವುದೂ ಕ್ರಿಸ್ತನ ಕೃಪೆಯಿಂದಲೇ ಎಂಬುದು ಅದರ ನಿಲುವು. ಪ್ರಾಟೆಸ್ಟೆಂಟರಲ್ಲಿ ಇದನ್ನು ಒಪ್ಪುವವರೂ ಇದ್ದಾರೆ, ಬಾಯಿಬಿಟ್ಟು ನಂಬಿಕೆ ಅರಿಕೆ ಮಾಡಲೇಬೇಕು ಎನ್ನುವವರೂ ಇದ್ದಾರೆ. ಆದರೆ ಆ ಎರಡನೆಯವರಿಗೂ ಇಂಥ ಮನುಷ್ಯ ನರಕದಲ್ಲಿದ್ದಾನೆ ಎಂದು ಹೆಸರು ಹಿಡಿದು ಹೇಳಲು ಬೈಬಲು ಅನುಮತಿ ಕೊಡುವುದಿಲ್ಲ. ಇನ್ನೊಬ್ಬರ ಆಳಿಗೆ ತೀರ್ಪು ಮಾಡಲು ನೀನು ಯಾರು ಎಂದು ರೋಮ 14:4 ಕೇಳುತ್ತದೆ. ಪರಿಚಯದವರು ಮತ್ತೆ ಸಿಕ್ಕಿದರೆ ಆ ವಚನವನ್ನು ತೋರಿಸಿ.