ಕಂಪ್ಯೂಟರ್ ಆರ್ಕಿಟೆಕ್ಚರ್ ಕಲಿಸಲು 8085 ಕಿಟ್ ತರಿಸಬೇಕೋ, ರಿಸ್ಕ್-ವಿ ಬೋರ್ಡೋ?

ಎರಡೂ ಬೇಡ. ಹಳೆಯ 8085 ಚಿಪ್‌ನ ತರಬೇತಿ ಕಿಟ್ಟೂ ಬೇಡ, ರಿಸ್ಕ್-ವಿ ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್‌ನ ಬೋರ್ಡೂ ಬೇಡ. ಆ ದುಡ್ಡು ಹಾಗೇ ಇರಲಿ.

ಮಂಜೇಶ್ವರದ ಕಡೆಯ ಕಾಲೇಜು, ಹೊಸ ಗೆಸ್ಟ್ ಲೆಕ್ಚರರ್, ಲ್ಯಾಬ್‌ನಲ್ಲಿ ಬರೀ ಹಳೆ ಪಿಸಿಗಳು, ಪೈಪ್‌ಲೈನ್ (ಒಂದು ಇನ್‌ಸ್ಟ್ರಕ್ಷನ್ ಮುಗಿಯುವ ಮೊದಲೇ ಮುಂದಿನದನ್ನು ಶುರು ಮಾಡುವುದು) ಬಂದ ಕೂಡಲೇ ಮಕ್ಕಳು ಕಂಗಾಲು ಅಂತ ಬರೆದಿದ್ದೀರಿ. ನಾನೂ ಕಾಸರಗೋಡಿನಲ್ಲಿ ಹೀಗೇ ಶುರು ಮಾಡಿದವಳು. ನಮ್ಮಲ್ಲಿ ಕಿಟ್ ಇತ್ತು. ಮಕ್ಕಳು 3ಇ, 05 ಅಂತ ಕೀ ಒತ್ತುತ್ತಿದ್ದರು, ಚಿಪ್ ಒಳಗಿನ ಚಿಕ್ಕ ಸಂಗ್ರಹ ಜಾಗವಾದ ಎ ರಿಜಿಸ್ಟರಿಗೆ 5 ಬರುತ್ತಿತ್ತು, ರೆಕಾರ್ಡಿಗೆ ಸಹಿ ಬೀಳುತ್ತಿತ್ತು. 1976ರ ಆ ಚಿಪ್‌ನಲ್ಲಿ ಕ್ಯಾಶೇ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಇಲ್ಲ, ಐದು ಹಂತದ ಪೈಪ್‌ಲೈನೂ ಇಲ್ಲ. ಇಲ್ಲದ್ದನ್ನು ಅದು ಹೇಗೆ ತೋರಿಸೀತು?

ನನ್ನ ಪಾಠ ಕೆಟ್ಟದ್ದು ಬ್ಲ್ಯಾಕ್‌ಬೋರ್ಡಿನ ಮೇಲೆ. ಇದನ್ನು ಬಿಡಿಸಿಯೇ ಹೇಳಬೇಕು. ಮೊದಲ ಕ್ಲಾಸಿನಲ್ಲೇ ಪೂರ್ತಿ ಡೇಟಾಪಾತ್, ಅಂದರೆ ಪ್ರೊಸೆಸರ್ ಒಳಗೆ ಡೇಟಾ ಓಡಾಡುವ ದಾರಿಯ ಚಿತ್ರ, ಬರೆದುಬಿಡುತ್ತಿದ್ದೆ. ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿದೆ ಅಂತ ಹೇಳುವ ಪ್ರೋಗ್ರಾಂ ಕೌಂಟರ್, ಇನ್‌ಸ್ಟ್ರಕ್ಷನ್ ಮೆಮೊರಿ, ರಿಜಿಸ್ಟರ್ ಫೈಲ್, ಲೆಕ್ಕ ಮಾಡುವ ಎಎಲ್‌ಯು, ಒಳಬರುವ ತಂತಿಗಳಲ್ಲಿ ಒಂದನ್ನು ಆರಿಸುವ ಎಲ್ಲ ಮಕ್ಸ್‌ಗಳು, ಕಂಟ್ರೋಲ್ ಸಿಗ್ನಲ್‌ಗಳು. ಬದಿಯಡ್ಕದ ಹತ್ತಿರದ ಒಬ್ಬಳು ಹುಡುಗಿ ಎಎಲ್‌ಯು ಮುಂದಿನ ಮಕ್ಸ್ ತೋರಿಸಿ, "ಟೀಚರ್, ಇದು ಇಲ್ಲದಿದ್ದರೆ ಏನಾಗುತ್ತದೆ?" ಅಂತ ಕೇಳಿದಳು. "ಅದು ಬೇಕೇ ಬೇಕು, ಮೊದಲು ಬರೆದುಕೋ" ಅಂದೆ. ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ನಾನು ಅದನ್ನೇ ಮುಚ್ಚಿಸಿದೆ. ಆಮೇಲೆ ಕ್ಲಾಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಎಲ್ಲರ ಚಿತ್ರವೂ ಚಂದ ಬಂದಿತ್ತು, ಸ್ಟಾಲ್ (ಪೈಪ್‌ಲೈನ್ ಕಾಯಬೇಕಾದ ಸೈಕಲ್) ಲೆಕ್ಕ ಹಾಕುವ ಜಾಗ ಖಾಲಿ. ರಿಸಲ್ಟ್ ಬಿತ್ತು. ಮುಂದಿನ ವರ್ಷ ಆ ಪೇಪರ್ ನನ್ನ ಕೈಯಿಂದ ಹೋಯಿತು.

ಪೇಪರ್ ಮತ್ತೆ ಸಿಕ್ಕಾಗ ಬರೀ ಆ್ಯಡ್ ಇನ್‌ಸ್ಟ್ರಕ್ಷನ್‌ಗೆ ಬೇಕಾದಷ್ಟೇ ಬರೆದೆ. ರಿಜಿಸ್ಟರ್ ಫೈಲ್‌ನಿಂದ ಎಎಲ್‌ಯುಗೆ ಎರಡು ತಂತಿ, ಒಂದೂ ಮಕ್ಸ್ ಇಲ್ಲ. ಆಮೇಲೆ, ಇದರಲ್ಲೇ ಮೆಮೊರಿಯಿಂದ ರಿಜಿಸ್ಟರಿಗೆ ಡೇಟಾ ತರುವ ಲೋಡ್ ಓಡಿಸಿ ಅಂದೆ. ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ, ಉದಾಹರಣೆಗೆ, 8 ಕೂಡಿಸಬೇಕು. ಆ 8 ಇರುವುದು ಇನ್‌ಸ್ಟ್ರಕ್ಷನ್ ಒಳಗೇ. ಅದನ್ನು ಎಎಲ್‌ಯುಗೆ ತರಲು ಹೋದರೆ ಅಲ್ಲಿ ಆಗಲೇ ರಿಜಿಸ್ಟರಿನ ತಂತಿ ಕೂತಿದೆ. ಸ್ವಲ್ಪ ಹೊತ್ತು ಗಲಾಟೆ. ಕೊನೆಗೆ ಹಿಂದಿನ ಬೆಂಚಿನಿಂದ, "ಎರಡರಲ್ಲಿ ಒಂದನ್ನು ಆರಿಸಲು ಏನಾದರೂ ಇಡಬೇಕಲ್ವಾ?" ಮಕ್ಸ್ ಬಂತು. ಹಾಗೇ ಬೇರೆ ಇನ್‌ಸ್ಟ್ರಕ್ಷನ್‌ಗೆ ಜಿಗಿಯುವ ಬ್ರಾಂಚ್ ಓಡಿಸಲು ಹೋದಾಗ ಪ್ರೋಗ್ರಾಂ ಕೌಂಟರ್ ಮುಂದೆ ಇನ್ನೊಂದು ಮಕ್ಸ್ ಬಂತು. ಪೂರ್ತಿ ಚಿತ್ರಕ್ಕೆ ಜಾಸ್ತಿ ಕ್ಲಾಸ್ ಹಿಡಿಯಿತು, ನಿಜ. ಪೋರ್ಷನ್ ಮುಗಿಯಲ್ಲ ಅಂತ ಹೆದರಬೇಡಿ. ಪೈಪ್‌ಲೈನ್‌ಗೆ ಬಂದಾಗ ಆ ಸಮಯ ವಾಪಸ್ ಸಿಗುತ್ತದೆ. ಲೋಡ್ ಮಾಡಿದ್ದನ್ನು ಮುಂದಿನ ಆ್ಯಡ್ ಕೂಡಲೇ ಕೇಳಿದರೆ, ಫಾರ್ವರ್ಡಿಂಗ್ (ಉತ್ತರವನ್ನು ರಿಜಿಸ್ಟರಿಗೆ ಬರೆಯುವ ಮೊದಲೇ ಬೇಕಾದಲ್ಲಿಗೆ ಕೊಡುವುದು) ಇದ್ದರೂ ಒಂದು ಸೈಕಲ್ ಕಾಯಬೇಕು. ಡೇಟಾ ಬರುವುದು ಮೆಮೊರಿ ಹಂತದ ಕೊನೆಗೆ. ಇದನ್ನು ಅವರೇ ನನಗೆ ಹೇಳಿದರು.

ರಿಸ್ಕ್-ವಿ ಕಲಿಸಿ, ಬೋರ್ಡ್ ಕೊಳ್ಳಬೇಡಿ. ವೀನಸ್ ಎಂಬ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಓಡುತ್ತದೆ. ರೈಪ್ಸ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಪೈಪ್‌ಲೈನ್ ಕಣ್ಣೆದುರು ನಡೆಯುತ್ತದೆ. ಎರಡೂ ಉಚಿತ. ತಿರುವನಂತಪುರದ ಸಿ-ಡ್ಯಾಕ್ (ಕೇಂದ್ರ ಸರಕಾರದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ) ಮಾಡಿದ ವೇಗಾ ಪ್ರೊಸೆಸರ್ ಕೂಡ ರಿಸ್ಕ್-ವಿಯೇ ಅಂದರೆ ನಮ್ಮ ಮಕ್ಕಳು ನೆಟ್ಟಗೆ ಕೂರುತ್ತಾರೆ.

ಕ್ಯಾಶ್‌ಗೆ ಲ್ಯಾಬಿನ ಆ ಪಿಸಿಗಳೇ ಸಾಕು. ಸಿ ಭಾಷೆಯಲ್ಲಿ 4096ಕ್ಕೆ 4096ರ ಇಂಟ್ ಅರೇ ಇಟ್ಟು, ಒಮ್ಮೆ ಸಾಲು ಸಾಲಾಗಿ, ಒಮ್ಮೆ ಕಂಬ ಕಂಬವಾಗಿ ಕೂಡಿಸಲು ಹೇಳಿ. ಲೆಕ್ಕ ಒಂದೇ, ಹೊತ್ತಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. ಯಾಕೆ ಅಂತ ಅವರೇ ಕೇಳುತ್ತಾರೆ. ಮೆಮೊರಿಯಿಂದ ಒಮ್ಮೆಗೆ ಕ್ಯಾಶ್‌ಗೆ ಬರುವ 64 ಬೈಟ್‌ನ ಕ್ಯಾಶ್ ಲೈನ್ ಬಗ್ಗೆ ಆಗ ಬಾಯಿ ಬಿಡಿ, ಮೊದಲಲ್ಲ.

ಇಂಟರ್ನಲ್ ಪರೀಕ್ಷೆಗೆ ಡೇಟಾಪಾತ್ ಬರೆಯಿರಿ ಅಂತ ಮಾತ್ರ ಕೇಳಲೇಬೇಡಿ. ಚಿತ್ರ ನೀವೇ ಕೊಟ್ಟು, ಮೆಮೊರಿಯಿಂದ ರಿಜಿಸ್ಟರಿಗೆ ಬರುವ ತಂತಿ ಕತ್ತರಿಸಿ, ಆ ತಂತಿ ಸೇರುವ ಮಕ್ಸ್ ಯಾವಾಗಲೂ ಎಎಲ್‌ಯು ಉತ್ತರವನ್ನೇ ಕಳಿಸುತ್ತದೆ ಅನ್ನಿ. ಯಾವ ಇನ್‌ಸ್ಟ್ರಕ್ಷನ್ ಕೆಡುತ್ತದೆ ಅಂತ ಕೇಳಿ. ಲೋಡ್ ಅಂದವರಿಗೆ ಅರ್ಧ ಮಾರ್ಕ್ ಕೊಡಿ. ಡೇಟಾದ ಬದಲು ವಿಳಾಸವೇ ರಿಜಿಸ್ಟರಿಗೆ ಬಂದು ಕೂರುತ್ತದೆ ಅಂತ ಬರೆದವರಿಗೆ ಪೂರ್ತಿ ಕೊಡಿ.