ಬ್ಯಾಗಿನ ಒಳಜೇಬಿನಲ್ಲಿದ್ದ ಪತ್ರ

ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಆಪ್ತಸಲಹೆಗಾರ್ತಿ. ಇಲ್ಲಿನ ಸೀಡರ್-ರಿವರ್‌ಸೈಡ್ ಬಡಾವಣೆಯಲ್ಲಿ ಬಣ್ಣದ ಫಲಕಗಳಿರುವ ಎತ್ತರದ ಕಟ್ಟಡಗಳಿವೆ. ಅಲ್ಲಿ ಸೊಮಾಲಿ ಕುಟುಂಬಗಳು ಬಹಳ. 1991ರಲ್ಲಿ ಸೊಮಾಲಿಯಾದ ಸರ್ಕಾರ ಉರುಳಿ ಅಂತರ್ಯುದ್ಧ ಹಬ್ಬಿದಾಗ ಊರು ಬಿಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು. ಈ ಪ್ರಕರಣ ಅಂಥ ಒಂದು ಮನೆಯದು. ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ.

ತಾಯಿಗೆ ನಲವತ್ತರ ಹತ್ತಿರ. ಗಂಡ ಇಲ್ಲ. ನಾಲ್ಕು ಮಕ್ಕಳು, ದೊಡ್ಡವನಿಗೆ ಹದಿನೈದು. ಅವನು ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ, ಜಗಳ ಆಡುತ್ತಾನೆ ಎಂದು ಶಾಲೆಯವರು ನನ್ನ ಬಳಿ ಕಳಿಸಿದ್ದರು.

ಮೊದಲ ದಿನ ಇಬ್ಬರೂ ಬಂದು ಕೂತರು. ನಾನು ಕೇಳಿದ್ದನ್ನು ಮಗ ತಾಯಿಗೆ ಸೊಮಾಲಿಯಲ್ಲಿ ಹೇಳಿದ. ತಾಯಿ ಸುಮಾರು ಹೊತ್ತು ಮಾತಾಡಿದರು, ಕಣ್ಣು ಒರೆಸಿಕೊಂಡರು. ಮಗ ನನ್ನ ಕಡೆ ತಿರುಗಿ, "ಎಲ್ಲಾ ಸರಿಯಿದೆ ಅಂತಿದ್ದಾರೆ" ಅಂದ. ತನ್ನ ಮೇಲಿನ ದೂರನ್ನು ತಾನೇ ಅನುವಾದ ಮಾಡುವ ಕೆಲಸ ಅವನಿಗೆ ಬಿದ್ದಿತ್ತು. ಅಲ್ಲಿಗೆ ಮಾತು ನಿಲ್ಲಿಸಿ, ಫೋನಿನಲ್ಲಿ ಸೊಮಾಲಿ ಇಂಟರ್ಪ್ರಿಟರ್ ಕರೆದೆ. ಬೇರೆ ರಾಜ್ಯದವರೇ ಬೇಕೆಂದು ಕೇಳಿ ಪಡೆದೆ. ಸಣ್ಣ ಸಮುದಾಯ, ಎಲ್ಲರಿಗೂ ಎಲ್ಲರ ಪರಿಚಯ. ಮನೆ ಮಾತು ಹೊರಗೆ ಹೋಗುತ್ತದೆಂಬ ಹೆದರಿಕೆ ಇದ್ದರೆ ಯಾರು ಬಾಯಿ ಬಿಡುತ್ತಾರೆ?

ಆಗ ತಾಯಿಯ ಮಾತು ಪೂರ್ತಿ ಕೇಳಿಸಿತು. "ವಲಾಲ್," ಅಂದರು. ಸೊಮಾಲಿಯಲ್ಲಿ ಅಕ್ಕ, ತಂಗಿ, ಅಣ್ಣ, ತಮ್ಮ ಎಲ್ಲರಿಗೂ ಆ ಒಂದೇ ಮಾತು. "ಇವನು ನನ್ನ ಮುಖ ನೋಡಿ ಮಾತಾಡಿ ನಾಲ್ಕು ತಿಂಗಳಾಯಿತು. ನೈರೋಬಿಯಲ್ಲಿ ಇವನ ಚಿಕ್ಕಪ್ಪ ಇದ್ದಾರೆ. ಅಲ್ಲಿಗೆ ಕಳಿಸಿಬಿಡ್ತೀನಿ." ದಾರಿ ತಪ್ಪಿದರೆಂದು ಮಕ್ಕಳನ್ನು ತಮ್ಮ ಸಂಸ್ಕೃತಿ ಕಲಿಯಲು ವಾಪಸ್ ಕಳಿಸುವುದಕ್ಕೆ ಸೊಮಾಲಿಯಲ್ಲಿ ಡಕನ್ ಎಲಿಸ್ ಎನ್ನುತ್ತಾರೆ. ಹೆತ್ತವರು ಅದನ್ನು ಪ್ರೀತಿಯಿಂದ, ಹೆದರಿಕೆಯಿಂದಲೇ ಮಾಡುತ್ತಾರೆ. ಆದರೆ ಹುಡುಗರ ಎದೆಯಲ್ಲಿ ಆ ಎರಡು ಪದ ಕಲ್ಲಿನ ಹಾಗೆ ಕೂತಿರುತ್ತವೆ.

ಮುಂದಿನ ವಾರ ಹುಡುಗನನ್ನು ಒಬ್ಬನನ್ನೇ ಕಂಡೆ. ಅರ್ಧ ಗಂಟೆ ಸುಮ್ನೆ ಕೂತಿದ್ದ. ಆಮೇಲೆ ಶಾಲೆಯ ಬ್ಯಾಗಿನ ಒಳಜೇಬಿನಿಂದ ಒಂದು ಪತ್ರ ತೆಗೆದ. ಎಷ್ಟು ಸಲ ಬಿಚ್ಚಿ ಮಡಚಿದ್ದನೋ, ಮಡಿಕೆಯ ಜಾಗದಲ್ಲಿ ಕಾಗದ ಹರಿದು ಬೆಳಕು ಕಾಣುತ್ತಿತ್ತು. ತಾಯಿಯ ಎದೆಯಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲು ಬಯಾಪ್ಸಿ ಆಗಬೇಕು ಎಂದು ಅದರಲ್ಲಿತ್ತು. ಡಾಕ್ಟರು ಇದನ್ನು ಹೇಳಿದ್ದು ಅವನ ಮೂಲಕವೇ. "ಆ ಪದ ಅಮ್ಮನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ" ಅಂದ. ಏನೂ ಇಲ್ಲವಂತೆ ಎಂದು ಹೇಳಿ ಮನೆಗೆ ಕರೆದುಕೊಂಡು ಹೋಗಿದ್ದ. ಆ ರಾತ್ರಿಯಿಂದ ಅವನಿಗೆ ನಿದ್ದೆಯಿಲ್ಲ.

ನಾನು ನೇರವಾಗಿ ಹೇಳಿದೆ. "ಇದು ಜೀವದ ವಿಷಯ, ನಾನು ಗುಟ್ಟಾಗಿ ಇಡೋಕಾಗಲ್ಲ. ಆದರೆ ನೀನು ಹೇಳಬೇಕಾಗಿಲ್ಲ. ಇವತ್ತೇ ನಾನು, ಇಂಟರ್ಪ್ರಿಟರ್ ಸೇರಿ ಹೇಳ್ತೀವಿ. ನೀನು ಪಕ್ಕದಲ್ಲಿ ಕೂತಿರು, ಸಾಕು." ತಾಯಿ ಎಲ್ಲ ಕೇಳಿಸಿಕೊಂಡರು. ಕಾಯಿಲೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಮೊದಲು ಕೇಳಲಿಲ್ಲ. ಮಗನ ತಲೆ ಮೇಲೆ ಕೈಯಿಟ್ಟು, "ಇಷ್ಟು ದಿನ ಇದನ್ನು ಒಬ್ಬನೇ ಹೊತ್ಕೊಂಡಿದ್ದೆಯಾ?" ಅಂದರು. ಅದೇ ವಾರ ಪರೀಕ್ಷೆ ಆಯಿತು. ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ: ಆಸ್ಪತ್ರೆ, ಶಾಲೆ, ಬಾಡಿಗೆ ಆಫೀಸು, ಎಲ್ಲೂ ಮಗ ಅನುವಾದ ಮಾಡಬಾರದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಶಾಲೆಗಳು ಇಂಟರ್ಪ್ರಿಟರನ್ನು ಪುಕ್ಕಟೆಯಾಗಿ ಕೊಡಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಹಕ್ಕು ಇದು. ತುರ್ತು ಸಮಯ ಬಿಟ್ಟರೆ ಆಸ್ಪತ್ರೆಗಳು ಮಕ್ಕಳಿಂದ ಈ ಕೆಲಸ ಮಾಡಿಸುವಂತಿಲ್ಲ. "ಸೊಮಾಲಿ ಇಂಟರ್ಪ್ರಿಟರ್, ಪ್ಲೀಸ್" ಎನ್ನುವ ಮೂರು ಪದಗಳನ್ನು ಆ ತಾಯಿ ನನ್ನ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿದರು. ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಇಲ್ಲಿಗೆ ಬಂದಾಗಲೂ ಮೊಮ್ಮಕ್ಕಳನ್ನೇ ಡಾಕ್ಟರ ಮುಂದೆ ಕೂರಿಸುತ್ತೇವೆ ಅಲ್ವಾ? ದಯವಿಟ್ಟು ಬೇಡ. ಕನ್ನಡದ ಇಂಟರ್ಪ್ರಿಟರ್ ಬೇಕು ಎಂದೂ ಕೇಳಬಹುದು.

ಎರಡನೆಯದು ಓದು. ಇದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. "ನನ್ನ ತಲೆಗೆ ಹತ್ತಲ್ಲ" ಅಂದರು. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಸಿಕ್ಕಿದ್ದು 1972ರಲ್ಲಿ, ರೋಮನ್ ಅಕ್ಷರಗಳಲ್ಲಿ. ಎರಡು ವರ್ಷದ ನಂತರ ಪಟ್ಟಣದ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೂ ದನಗಾಹಿಗಳ ಬಿಡಾರಗಳಿಗೂ ಅಕ್ಷರ ಕಲಿಸಲು ಕಳಿಸಿದರು. ಇವರ ತಾಯಿ ಹಾಗೆ ಓದಲು ಕಲಿತವರು. ಮಗಳ ಕಾಲಕ್ಕೆ ಯುದ್ಧ ಬಂತು. ಕೀನ್ಯಾದ ದಡಾಬ್ ನಿರಾಶ್ರಿತರ ಶಿಬಿರದಲ್ಲಿ ನೀರು, ಸೌದೆ ಹೊರುವುದರಲ್ಲೇ ಬಾಲ್ಯ ಮುಗಿಯಿತು. ಅಜ್ಜಿಗೆ ಬಂದ ಅಕ್ಷರ ಮೊಮ್ಮಗನಿಗೂ ಬಂದಿದೆ, ನಡುವಿನವರ ಕೈ ಮಾತ್ರ ಖಾಲಿ. ಇದನ್ನು ಕೇಳಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು.

ಆದರೆ ಇವರನ್ನು ಏನೂ ಬಾರದವರು ಎನ್ನಲಾಗದು. ಕಟ್ಟಡದ ಹನ್ನೆರಡು ಹೆಂಗಸರ ಚೀಟಿ ನಡೆಸುವವರು ಇವರೇ. ಅಯೂಟೊ ಎನ್ನುತ್ತಾರೆ. ತಿಂಗಳಿಗೆ ಒಬ್ಬರಿಗೆ ಹಣ, ಬಡ್ಡಿಯಿಲ್ಲ. ಯಾರು ಕೊಟ್ಟರು, ಯಾರದು ಬಾಕಿ, ಎಲ್ಲ ತಲೆಯಲ್ಲೇ. "ಹನ್ನೆರಡು ಮನೆಯ ಲೆಕ್ಕ ಹತ್ತಿದ ತಲೆಗೆ ಇಪ್ಪತ್ತಾರು ಅಕ್ಷರ ಹತ್ತಲ್ವಾ?" ಎಂದು ಕೇಳಿದೆ. ನಮ್ಮ ಮಿನ್ನೆಸೋಟ ರಾಜ್ಯದಲ್ಲಿ ದೊಡ್ಡವರ ಓದು ಬರಹದ ತರಗತಿಗಳಿಗೆ ಶುಲ್ಕವಿಲ್ಲ. ನೇರ ಇಂಗ್ಲಿಷ್ ಕ್ಲಾಸಿಗೆ ಹೋಗಬೇಡಿ, ಪೆನ್ಸಿಲ್ ಹಿಡಿಯುವುದರಿಂದ ಶುರುಮಾಡುವ ಕ್ಲಾಸಿಗೇ ಸೇರಿ, ಮೊದಲು ಸೊಮಾಲಿಯನ್ನೇ ಓದಿ ಎಂದೆ. ಲಿಪಿ ಒಂದೇ, ಹಾಗಾಗಿ ಒಂದು ಕಲಿಕೆ ಎರಡಕ್ಕೂ ಆಗುತ್ತದೆ. ಚೀಟಿಯ ಇನ್ನೂ ಮೂವರು ಜೊತೆಗೆ ಹೊರಟರು. ಒಬ್ಬರ ಮನೆಯಲ್ಲಿ ಎಲ್ಲರ ಸಣ್ಣ ಮಕ್ಕಳು, ಸರದಿಯ ಮೇಲೆ. ಆ ಏರ್ಪಾಡು ನನ್ನದಲ್ಲ, ಅವರದೇ.

ಹುಡುಗನಿಗೆ ಹೇಳಿದ್ದು ಕಡಿಮೆ. ಶಾಲೆ ಮುಗಿದ ಮೇಲೆ ಹೋಮ್‌ವರ್ಕ್ ಸಹಾಯಕ್ಕೆ ಹೋಗು, ಆಮೇಲೆ ಫುಟ್‌ಬಾಲ್. ಮನೆಗೆ ಬಂದ ಟಪಾಲನ್ನು ನೀನು ತೆರೆಯಬೇಡ. ತಾಯಿಗೂ ಒಂದು ಮಾತು ಹೇಳಿದೆ: ಸಿಟ್ಟು ಬಂದಾಗ ನೈರೋಬಿ ಹೆಸರು ತೆಗೆಯಬೇಡಿ. ಹಿರಿಯರ ಬುದ್ಧಿಮಾತು ಬೇಕಿದ್ದರೆ ಇದೇ ಊರಲ್ಲಿ ಅವನ ಚಿಕ್ಕಮ್ಮ ಇದ್ದಾರೆ. ಸೊಮಾಲಿಯಲ್ಲಿ ತಾಯಿಯ ತಂಗಿಗೆ ಹಬರ್‌ಯರ್ ಎನ್ನುತ್ತಾರೆ, ಅರ್ಥವೂ ಚಿಕ್ಕಮ್ಮ ಅಂತಲೇ. ಈಗ ಅವನು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಾನೆ. ನೈರೋಬಿಯ ಚಿಕ್ಕಪ್ಪನ ಫೋನು ನಿಂತಿಲ್ಲ. ಅದರ ಬಗ್ಗೆ ತಾಯಿಯ ಜೊತೆ ಇನ್ನೂ ಮಾತು ನಡೆದಿದೆ.

ಆರನೇ ಭೇಟಿಯಲ್ಲಿ ನಮ್ಮ ಅರ್ಜಿಯನ್ನು ಹೊಸದಾಗಿ ತುಂಬಬೇಕಿತ್ತು. ಮಗ ಅಭ್ಯಾಸದ ಮೇಲೆ ಕೈ ಚಾಚಿದ. ತಾಯಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಮೂರನ್ನೂ ಬರೆಯಲು ಐದು ನಿಮಿಷ ಹಿಡಿಯಿತು. ಹುಟ್ಟಿದ ದಿನ ಜನವರಿ 1. ತಾರೀಖು ಗೊತ್ತಿಲ್ಲದ ಎಷ್ಟೋ ನಿರಾಶ್ರಿತರಿಗೆ ಕಾಗದಪತ್ರದಲ್ಲಿ ಬಿದ್ದ ದಿನ ಅದು, ನಮ್ಮಲ್ಲಿ ಮೇಷ್ಟ್ರು ಜೂನ್ 1 ಬರೆಯುತ್ತಿದ್ದ ಹಾಗೆ. ಒಂದು ಎಂದು ಬರೆದು, ಪೆನ್ನು ಮೇಲೆತ್ತಿ, ಮಗನ ಕಡೆ ನೋಡದೆ, ಇನ್ನೊಂದು ಒಂದು ಬರೆದರು.